ಗುಜರಿ ಅಂಗಡಿಯ ಟಾರ್ಕ್ ರೆಂಚ್: ನಂಬುವ ಮೊದಲು ತೂಗಿ ನೋಡಿ

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಹಳೆಯ ಜೀಪು, ಎರಡು ಬ್ರಷ್ ಕಟರ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಒಂದು ಪಲ್ಪರ್ ಇವೆ. ಸಣ್ಣಪುಟ್ಟ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ. ಕುಶಾಲನಗರದ ಗುಜರಿ ಅಂಗಡಿಯೊಂದರಲ್ಲಿ ಅರ್ಧ ಇಂಚಿನ ಹಳೆ ಟಾರ್ಕ್ ರೆಂಚ್ ಕಂಡೆ. 'ಕ್ಲಿಕ್' ಅನ್ನುವ ತರಹದ್ದು. 30ರಿಂದ 150 ಫುಟ್-ಪೌಂಡ್ (ತಿರುಗಿಸುವ ಬಲದ ಅಳತೆ) ತನಕ ಗೆರೆಗಳಿವೆ. 1,200 ರೂಪಾಯಿ ಹೇಳುತ್ತಿದ್ದಾರೆ. ಹಿಡಿ ತಿರುಗಿಸಲು ಬಿಗಿ, ಸ್ವಲ್ಪ ತುಕ್ಕೂ ಇದೆ. ತಗೊಳ್ಳಬಹುದಾ? ಸರಿಯಾಗಿ ತೋರಿಸುತ್ತದೋ ಇಲ್ಲವೋ ಹೇಗೆ ತಿಳಿಯೋದು? ನಮ್ಮ ಮೆಕ್ಯಾನಿಕ್ 'ಅದೆಲ್ಲ ಬೇಡ, ಕೈ ಅಂದಾಜೇ ಸಾಕು' ಅನ್ನುತ್ತಾರೆ.

ಉತ್ತರ: ತಗೊಳ್ಳಬಹುದು. ಆದರೆ ಒಂದು ಷರತ್ತು. 'ಮನೆಗೆ ತಗೊಂಡು ಹೋಗಿ ತೂಕ ಕಟ್ಟಿ ನೋಡುತ್ತೇನೆ, ಸರಿ ಇಲ್ಲದಿದ್ದರೆ ವಾಪಸ್ ತರುತ್ತೇನೆ' ಎಂದು ಅಂಗಡಿಯವರಿಗೆ ಮೊದಲೇ ಹೇಳಿ. ಅವರು ಒಪ್ಪಿದರೆ ದುಡ್ಡು ಕೊಡಿ. ಒಪ್ಪದಿದ್ದರೆ ಬಿಟ್ಟುಬಿಡಿ. ಟಾರ್ಕ್ ರೆಂಚ್ ನೋಡಲು ಪಾನಾದ ಹಾಗಿದ್ದರೂ ಅದು ಪಾನಾ ಅಲ್ಲ, ಬೋಲ್ಟನ್ನು ಎಷ್ಟು ಬಲದಲ್ಲಿ ತಿರುಗಿಸಿ ಬಿಗಿ ಮಾಡುತ್ತಿದ್ದೀರಿ ಅಂತ ಅಳೆಯುವ ತಕ್ಕಡಿ. ಹಳೆಯ ಪಾನಾ ಎಷ್ಟೇ ಸವೆದಿದ್ದರೂ ಕೆಲಸಕ್ಕೆ ಬರುತ್ತದೆ. ಸುಳ್ಳು ತೂಕ ತೋರಿಸುವ ತಕ್ಕಡಿ ಮಾತ್ರ ಇಲ್ಲದಿರುವುದಕ್ಕಿಂತ ಕಡೆ. ಅದನ್ನು ನಂಬಿ ನೀವು ಬೋಲ್ಟ್ ಮುರಿಯುತ್ತೀರಿ, ಇಲ್ಲವೇ ಚಕ್ರ ಲೂಸ್ ಬಿಡುತ್ತೀರಿ.

ಮೊದಲು ನಿಮ್ಮ ಮೆಕ್ಯಾನಿಕ್ ಮಾತಿಗೆ ಬರುತ್ತೇನೆ. ಮೂವತ್ತು ವರ್ಷ ಪಾನಾ ಹಿಡಿದ ಕೈಗೆ ಅಂದಾಜು ಇರುತ್ತದೆ, ನಾನು ಅಲ್ಲಗಳೆಯೋದಿಲ್ಲ. ನನ್ನ ಕೈಯೂ ಅಂಥದ್ದೇ. ಆದರೆ ಆ ಕೈಗೆ ಒಂದು ದೌರ್ಬಲ್ಯ ಇದೆ. ಸಣ್ಣ ಬೋಲ್ಟಿಗೆ ಅದು ಬಲ ಜಾಸ್ತಿ ಹಾಕುತ್ತದೆ, ದೊಡ್ಡ ಬೋಲ್ಟಿಗೆ ಕಮ್ಮಿ ಹಾಕುತ್ತದೆ. 10 ಮಿಲಿಮೀಟರ್ ತಲೆಯ ಬೋಲ್ಟನ್ನು ಉದ್ದ ಪಾನಾದಲ್ಲಿ ಹಿಡಿದರೆ ಬೇಕಾದದ್ದರ ಎರಡರಷ್ಟು ಬಿಗಿ ಆಗಿಹೋಗುತ್ತದೆ, ಕೈಗೆ ಗೊತ್ತೇ ಆಗುವುದಿಲ್ಲ. ಸಂಜೆ ಸುಸ್ತಾದಾಗಿನ ಕೈ ಬೇರೆ, ಬೆಳಿಗ್ಗೆಯ ಕೈ ಬೇರೆ. ಸಿಲಿಂಡರ್ ಹೆಡ್ಡಿನಲ್ಲಿ ಹತ್ತು ಬೋಲ್ಟ್ ಇದ್ದರೆ ಹತ್ತೂ ಒಂದೇ ಬಿಗಿಯಲ್ಲಿ ಕೂರಬೇಕು. ಅದು ಯಾರ ಕೈಯಿಂದಲೂ ಆಗದ ಕೆಲಸ.

ಇನ್ನು ನೀವು ಕಂಡ ರೆಂಚ್. ಕ್ಲಿಕ್ ತರಹದ್ದರ ಒಳಗೆ ಒಂದು ಗಟ್ಟಿ ಸ್ಪ್ರಿಂಗ್ ಇರುತ್ತದೆ. ಹಿಡಿ ತಿರುಗಿಸಿದಷ್ಟೂ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಬೋಲ್ಟ್ ಎಳೆಯುವ ಬಲ ಆ ಒತ್ತಡವನ್ನು ಮೀರಿದಾಗ ಒಳಗಿನ ತುಂಡು ಜಾರಿ 'ಟಕ್' ಅನ್ನುತ್ತದೆ. ಅಷ್ಟೇ ಅದರ ಗುಟ್ಟು. ಅಂದಮೇಲೆ ಅದು ಕೆಡುವ ಮುಖ್ಯ ದಾರಿಯೂ ಎರಡೇ: ಸ್ಪ್ರಿಂಗ್ ದಣಿಯುವುದು, ಒಳಗಿನ ಗ್ರೀಸ್ ಒಣಗುವುದು. ಹಿಂದಿನ ಮಾಲೀಕರು ಅದನ್ನು 120ಕ್ಕೆ ಇಟ್ಟು ಹತ್ತು ವರ್ಷ ಮೂಲೆಗೆ ಹಾಕಿದ್ದರೆ ಸ್ಪ್ರಿಂಗ್ ಅಷ್ಟೂ ದಿನ ಭಾರ ಹೊತ್ತು ಕೂತಿರುತ್ತದೆ. ಹಾಗಾಗಿ ಅಂಗಡಿಯಲ್ಲಿ ಕೈಗೆ ತಗೊಂಡ ಕೂಡಲೇ ಅದು ಯಾವ ಗೆರೆಯಲ್ಲಿ ನಿಂತಿದೆ ನೋಡಿ. ಕೆಳಗಿನ ಗೆರೆಯಲ್ಲಿ ಇದ್ದರೆ ಹಿಂದಿನವರಿಗೆ ಕೆಲಸ ಗೊತ್ತಿತ್ತು ಅಂತ ಲೆಕ್ಕ. ಮೇಲಿನ ಗೆರೆಯಲ್ಲಿ ಇದ್ದರೆ ನಾನಾದರೆ ಅಲ್ಲೇ ಅರ್ಧ ಮನಸ್ಸು ತೆಗೆಯುತ್ತೇನೆ.

ಹಿಡಿ ಬಿಗಿ ಅಂದಿರಿ. ಬಲ ಹಾಕಿ ತಿರುಗಿಸಬೇಡಿ. ಹಳೆಯ ಎಷ್ಟೋ ರೆಂಚುಗಳಲ್ಲಿ ಹಿಡಿಯ ತುದಿಯಲ್ಲಿ ಲಾಕ್ ನಟ್ಟು ಇರುತ್ತದೆ, ಇಲ್ಲವೇ ಕೆಳಕ್ಕೆ ಎಳೆಯುವ ಬಳೆ ಇರುತ್ತದೆ. ಅದನ್ನು ಬಿಡಿಸದೆ ತಿರುಗಿಸಿದರೆ ಒಳಗಿನ ಥ್ರೆಡ್ ಹಾಳಾಗುತ್ತದೆ. ಲಾಕ್ ಬಿಡಿಸಿದ ಮೇಲೂ ಕೆಳಗಿನ ಗೆರೆಗಳಲ್ಲೇ ಬಿಗಿಯಾಗಿದ್ದರೆ ಒಳಗೆ ತುಕ್ಕು ಹಿಡಿದಿದೆ ಅಂತ ಅರ್ಥ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ, ಕಬ್ಬಿಣದ ಕೊಳವೆಯೊಳಗೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ. ಹೊರಗಿನ ತುಕ್ಕಿಗೆ ಹೆದರಬೇಡಿ, ಒರೆಸಿದರೆ ಹೋಗುತ್ತದೆ. ಒಳಗಿನದಕ್ಕೆ ಹೆದರಿ.

ಆಮೇಲೆ ಸಾಕೆಟ್ ಸಿಕ್ಕಿಸುವ ತುದಿಯ ಚೌಕ (ಅರ್ಧ ಇಂಚು ಅಂದದ್ದು ಇದರ ಅಳತೆ) ನೋಡಿ. ಅಂಚುಗಳು ತಿರುಚಿಕೊಂಡಿದ್ದರೆ ಅದಕ್ಕೆ ಯಾರೋ ಪೈಪು ಸಿಕ್ಕಿಸಿ ತುಕ್ಕು ಹಿಡಿದ ನಟ್ಟು ಬಿಚ್ಚಿದ್ದಾರೆ. ಹಿಡಿಯ ಮೇಲೆ ಪೈಪಿನ ಗುಂಡು ಗುರುತೂ ಸಿಗಬಹುದು. ತಲೆಯ ಹಿಂದೆ ಸುತ್ತಿಗೆಯಂತೆ ಬಡಿದ ಗುರುತಿದ್ದರೆ ಮುಟ್ಟಲೇ ಬೇಡಿ. ಹಿಡಿಯನ್ನು ಅತಿ ಕೆಳಗಿನ ಗೆರೆಗೆ ತಂದಾಗ ಹಿಡಿಯ ಸುತ್ತಲಿನ ಗೆರೆಗಳ ಸೊನ್ನೆ, ಕೊಳವೆಯ ಮೇಲಿನ ಉದ್ದ ಗೆರೆಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಯಾರೋ ಬಿಚ್ಚಿ ತಪ್ಪು ಜೋಡಿಸಿದ್ದಾರೆ.

ಹೆಸರು ನೋಡಿ ಮೋಸ ಹೋಗಬೇಡಿ ಅಂತಲೂ ಹೇಳುತ್ತೇನೆ, ಹೆಸರು ನೋಡಿ ಅಂತಲೂ ಹೇಳುತ್ತೇನೆ. ಇಂಗ್ಲೆಂಡಿನ ಬ್ಯಾನ್‌ಬರಿಯಲ್ಲಿ 1942ರಲ್ಲಿ ಶುರುವಾದ ನಾರ್ಬಾರ್, ಬ್ರಿಟೂಲ್, ಜರ್ಮನಿಯ ಸ್ಟಾಲ್‌ವಿಲ್ಲೆ, ಗೆಡೋರೆ, ಜಪಾನಿನ ಟೋನಿಚಿ, ನಮ್ಮ ನಾಸಿಕ್‌ನ ಟಪಾರಿಯಾ: ಇವು ಹಳೆಯದಾದರೂ ಸರಿ ಮಾಡಿಸಿಕೊಳ್ಳಲು ಯೋಗ್ಯ. ಹಳೆ ಎಸ್ಟೇಟ್ ವರ್ಕ್‌ಶಾಪಿನ ಸಾಮಾನು ಗುಜರಿಗೆ ಬಂದಾಗ ಇಂಥದ್ದು ಒಮ್ಮೊಮ್ಮೆ ಸಿಗುತ್ತದೆ. ಸ್ಟಾಲ್‌ವಿಲ್ಲೆಯ ಮನೋಸ್ಕೋಪ್ 730 ಸಿಕ್ಕರೆ ಚೌಕಾಶಿ ಜಾಸ್ತಿ ಮಾಡದೆ ತಗೊಳ್ಳಿ. ಅದರ ಅಳೆಯುವ ಭಾಗ ಎಳೆಯುವಾಗ ಮಾತ್ರ ಭಾರ ಹೊರುತ್ತದೆ, ಸುಮ್ನೆ ಇಟ್ಟಾಗ ಹೊರುವುದಿಲ್ಲ. ಎಷ್ಟು ವರ್ಷ ಯಾವ ಗೆರೆಯಲ್ಲಿ ಬಿದ್ದಿದ್ದರೂ ಸ್ಪ್ರಿಂಗ್ ದಣಿಯುವ ಚಿಂತೆ ಇಲ್ಲ.

ನಿಜ ಹೇಳಬೇಕೆಂದರೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಮುಳ್ಳಿನ ರೆಂಚ್. ಒಂದು ಉದ್ದ ಕಂಬಿ, ಅದರ ಮೇಲೆ ತೆಳು ಮುಳ್ಳು, ಹಿಡಿಯ ಹತ್ತಿರ ಗೆರೆಗಳ ತಗಡು. ಎಳೆದಾಗ ಕಂಬಿ ಬಾಗುತ್ತದೆ, ಮುಳ್ಳು ಬಾಗದೆ ನಿಂತು ಎಷ್ಟು ಅಂತ ತೋರಿಸುತ್ತದೆ. ಒಣಗಲು ಗ್ರೀಸ್ ಇಲ್ಲ, ದಣಿಯಲು ಸ್ಪ್ರಿಂಗ್ ಇಲ್ಲ. ಸೊನ್ನೆಯಲ್ಲಿ ನಿಲ್ಲದಿದ್ದರೆ ಮುಳ್ಳನ್ನು ಮೆಲ್ಲಗೆ ಬಗ್ಗಿಸಿ ಸೊನ್ನೆಗೆ ತಂದರಾಯಿತು. ಕಂಬಿಯನ್ನು ಮಾತ್ರ ಬಗ್ಗಿಸಬಾರದು. ನೋಡಲು ಬಡಪಾಯಿ, ಆದರೆ ಐವತ್ತು ವರ್ಷ ಹಳೆಯದೂ ಸತ್ಯ ಹೇಳುತ್ತದೆ. ಎರಡೂ ಒಂದೇ ಬೆಲೆಗೆ ಸಿಕ್ಕರೆ ನಾನು ಮುಳ್ಳಿನದನ್ನೇ ಎತ್ತಿಕೊಳ್ಳುತ್ತೇನೆ. ಅದರ ಹಿಡಿ ಒಂದು ಪಿನ್ನಿನ ಮೇಲೆ ಅಲ್ಲಾಡುತ್ತಿರುತ್ತದೆ, ಅದು ಕೆಟ್ಟಿದೆ ಅಂದುಕೊಳ್ಳಬೇಡಿ. ಬಲ ಸರಿಯಾಗಿ ಆ ಪಿನ್ನಿನ ಜಾಗದಲ್ಲೇ ಬೀಳಲಿ ಅಂತ ಹಾಗೆ ಮಾಡಿರುತ್ತಾರೆ. ಎಳೆಯುವಾಗ ಹಿಡಿಯ ಯಾವ ತುದಿಯೂ ಕಂಬಿಗೆ ತಾಗಬಾರದು.

ಈಗ ತೂಕ ಕಟ್ಟಿ ನೋಡುವ ಕೆಲಸ. ಇದಕ್ಕೆ ಬೇಕಾದ್ದೆಲ್ಲ ನಿಮ್ಮ ತೋಟದಲ್ಲಿ ಇದೆ: ಗಟ್ಟಿಯಾಗಿ ಕೂರಿಸಿದ ವೈಸ್ (ವಸ್ತುವನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆ), ಅಳತೆ ಟೇಪು, 20 ಲೀಟರ್ ನೀರಿನ ಕ್ಯಾನ್, ಹಗ್ಗ, ಕಾಫಿ ಹಣ್ಣು ತೂಗುವ ತಕ್ಕಡಿ. ಕುಯಿಲಿನ ದಿನ ಸಂಜೆ ಚೀಲ ತೂಗುವ ಅದೇ ತಕ್ಕಡಿ ಸಾಕು.

ಕ್ಯಾನಿಗೆ ನೀರು ತುಂಬಿ, ಹಗ್ಗವನ್ನೂ ಸೇರಿಸಿ ತೂಗಿ. ನೀರು ಕಮ್ಮಿ ಮಾಡುತ್ತಾ ಸರಿಯಾಗಿ 20 ಕೆಜಿಗೆ ತನ್ನಿ. ರೆಂಚಿನ ಚೌಕವನ್ನು ವೈಸಿನ ದವಡೆಯ ಬದಿಯಿಂದ ಕಚ್ಚಿಸಿ. ರೆಂಚ್ ನೆಲಕ್ಕೆ ಸಮನಾಗಿ ಗಾಳಿಯಲ್ಲಿ ಚಾಚಿರಬೇಕು, ಭಾರ ಬಿದ್ದರೆ ಟೈಟ್ ಆಗುವ ಕಡೆಗೇ ಎಳೆಯಬೇಕು. ಚೌಕದ ನಡುವಿನಿಂದ ಹಿಡಿಯ ನಡುವಿನ ತನಕ ಅಳೆಯಿರಿ. ಕೆಲವು ಹಿಡಿಗಳಲ್ಲಿ ಕೈ ಇಡುವ ಜಾಗಕ್ಕೆ ಒಂದು ಗೆರೆ ಇರುತ್ತದೆ. ಇದ್ದರೆ ಅಲ್ಲಿಗೇ ಅಳೆಯಿರಿ, ಕ್ಯಾನನ್ನೂ ಅಲ್ಲಿಯೇ ತೂಗುಹಾಕಿ.

ಅಳತೆ 45 ಸೆಂಟಿಮೀಟರ್ ಬಂತು ಅನ್ನಿ. 20 ಕೆಜಿಯನ್ನು 0.45 ಮೀಟರಿನಿಂದ ಗುಣಿಸಿದರೆ 9 ಕೆಜಿ-ಮೀಟರ್. ಇಲ್ಲಿಗೆ ಲೆಕ್ಕ ಮುಗಿಯಿತು ಅಂದುಕೊಂಡು ಬಹಳ ಜನ ಎಡವುತ್ತಾರೆ. ರೆಂಚಿನ ಸ್ವಂತ ಭಾರವೂ ಎಳೆಯುತ್ತದಲ್ಲ! ರೆಂಚನ್ನು ಬೆರಳ ಮೇಲೆ ಅಡ್ಡ ಇಟ್ಟು ಎಲ್ಲಿ ಸಮತೂಕ ನಿಲ್ಲುತ್ತದೆ ನೋಡಿ. 1.5 ಕೆಜಿಯ ರೆಂಚು ಚೌಕದಿಂದ 20 ಸೆಂಟಿಮೀಟರಿನಲ್ಲಿ ನಿಂತರೆ ಇನ್ನೊಂದು 0.3 ಕೆಜಿ-ಮೀಟರ್ ಸೇರಿಸಬೇಕು. ಒಟ್ಟು 9.3. ಒಂದು ಕೆಜಿ-ಮೀಟರ್ ಅಂದರೆ 7.23 ಫುಟ್-ಪೌಂಡ್. ಹಾಗಾಗಿ ನಿಮ್ಮ ರೆಂಚಿನ ಲೆಕ್ಕದಲ್ಲಿ 67 ಫುಟ್-ಪೌಂಡ್.

ಮೊದಲು 60ಕ್ಕೆ ಇಟ್ಟು ಕ್ಯಾನನ್ನು ಮೆಲ್ಲಗೆ ಬಿಡಿ. 'ಟಕ್' ಅನ್ನಬೇಕು. 75ಕ್ಕೆ ಇಟ್ಟು ಬಿಡಿ. ಸುಮ್ಮನಿರಬೇಕು. ಈಗ 75ರಿಂದ ಒಂದೊಂದೇ ಗೆರೆ ಇಳಿಸುತ್ತಾ ಬನ್ನಿ. ಪ್ರತಿ ಸಲ ಕ್ಯಾನ್ ಎತ್ತಿ, ಮತ್ತೆ ನಿಧಾನವಾಗಿ ಭಾರ ಬಿಡಿ. ಕ್ಯಾನ್ ನೆಲದಿಂದ ಒಂದು ಗೇಣು ಮೇಲಿದ್ದರೆ ಸಾಕು, ಕಾಲ ಮೇಲೆ ಬೀಳಬಾರದು. ಎಲ್ಲಿ ಮೊದಲ ಸಲ 'ಟಕ್' ಅಂತು ಅಂತ ಬರೆದುಕೊಳ್ಳಿ. ಇದನ್ನು ಐದು ಸಲ ಮಾಡಿ. ಆಮೇಲೆ ಕ್ಯಾನಿನ ಜೊತೆ ಇನ್ನೊಂದು 10 ಕೆಜಿ ಕಟ್ಟಿ ನೋಡಿ. ಅದೇ ರೆಂಚಿಗೆ ಅದು 100 ಫುಟ್-ಪೌಂಡಿನ ಹತ್ತಿರ ಬರಬೇಕು.

ಇಂಥ ರೆಂಚುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 6789. 10 ನ್ಯೂಟನ್-ಮೀಟರ್ (ಸುಮಾರು 7 ಫುಟ್-ಪೌಂಡ್) ಮೀರಿದ ಕ್ಲಿಕ್ ರೆಂಚಿಗೆ ಅದು ಆ ಕಡೆ ಈ ಕಡೆ ಶೇ. 4 ತನಕ ವ್ಯತ್ಯಾಸ ಒಪ್ಪುತ್ತದೆ. 67ಕ್ಕೆ ಅದು ಎರಡೂವರೆ ಚಿಲ್ಲರೆ. ನಿಮ್ಮ ಟೇಪು, ತಕ್ಕಡಿಯ ತಪ್ಪೂ ಸೇರಿ ಶೇ. 5ರ ಒಳಗೆ ಬಂದರೆ ಖುಷಿಯಿಂದ ಇಟ್ಟುಕೊಳ್ಳಿ. ಆದರೆ ತಪ್ಪು ಎಷ್ಟು ಅನ್ನೋದಕ್ಕಿಂತ ತಪ್ಪು ಒಂದೇ ಥರ ಇದೆಯಾ ಅನ್ನೋದು ಮುಖ್ಯ. ಐದು ಸಲವೂ 73ರಲ್ಲೇ 'ಟಕ್' ಅಂದರೆ ಆ ರೆಂಚ್ ಬದುಕಿದೆ. ಗೆರೆ 73 ತೋರಿಸುವಾಗ ನಿಜ 67 ಅಂತ ಒಂದು ಚೀಟಿ ಅಂಟಿಸಿ ಕೆಲಸ ಮಾಡಬಹುದು, ಮುಂದೆ ಸರಿ ಮಾಡಿಸಲೂಬಹುದು. ಒಮ್ಮೆ 58, ಒಮ್ಮೆ 71, ಒಮ್ಮೆ 63 ಅಂದರೆ ಅದು ಕಬ್ಬಿಣದ ಕೋಲು.

ಈ ಸಂಖ್ಯೆಗಳು ಸುಮ್ನೆ ಬರೆದದ್ದಲ್ಲ. ಕೆಲಸ ಕಲಿತ ಹೊಸದರಲ್ಲಿ ನಾನೇ ಕೊಂಡ ಒಂದು ರೆಂಚು ಹೀಗೆ ಕುಣಿದಿತ್ತು. ಬಿಚ್ಚಿ ನೋಡಿದರೆ ಒಳಗಿನ ಗ್ರೀಸ್ ಹಳೆ ಬೆಲ್ಲದ ಪಾಕದಂತೆ ಕಂದಾಗಿ ಅಂಟಿತ್ತು. ಉಗುರಲ್ಲಿ ಕೆರೆದರೆ ಹೆಪ್ಪು ಹೆಪ್ಪಾಗಿ ಬರುತ್ತಿತ್ತು. ಜಾರಬೇಕಾದ ತುಂಡು ಜಾರದೆ ಕಚ್ಚಿಕೊಳ್ಳುತ್ತಿತ್ತು. ನೀವು ಬಿಚ್ಚಲು ಹೋಗಬೇಡಿ, ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ, ಮುಖಕ್ಕೆ ಹಾರುತ್ತದೆ. ಸೀಮೆಎಣ್ಣೆ, ಡೀಸೆಲ್‌ನಲ್ಲಿ ಅದ್ದಿಡುವುದೂ ಬೇಡ. ಇರುವ ಒಳ್ಳೆ ಗ್ರೀಸನ್ನೂ ಅದು ತೊಳೆದು ಹಾಕುತ್ತದೆ. ಬಹಳ ದಿನ ಮೂಲೆಯಲ್ಲಿದ್ದ ರೆಂಚನ್ನು ಪರೀಕ್ಷೆಗೆ ಮೊದಲು ನಡುವಿನ ಗೆರೆಗೆ ಇಟ್ಟು ವೈಸಿನಲ್ಲಿ ಐದಾರು ಸಲ 'ಟಕ್' ಅನ್ನಿಸಿ. ಒಳಗಿನ ಗ್ರೀಸ್ ಹರಡುತ್ತದೆ. ಮೊದಲ ಒಂದೆರಡು ಸಲ ಬರುವ ಲೆಕ್ಕ ನಂಬುವಂಥದ್ದಲ್ಲ.

ರೆಂಚು ಒಳ್ಳೆಯ ಕಂಪನಿಯದಾಗಿದ್ದು ಸ್ವಲ್ಪವೇ ತಪ್ಪು ತೋರಿಸುತ್ತಿದ್ದರೆ ಅಳತೆ ಪರೀಕ್ಷಿಸಿ ಸರಿಪಡಿಸುವ ಕ್ಯಾಲಿಬ್ರೇಷನ್ ಲ್ಯಾಬಿಗೆ ಕಳಿಸಬಹುದು. ಬೆಂಗಳೂರಿನ ಪೀಣ್ಯದ ಕಡೆ ಎನ್ಎಬಿಎಲ್ (ಲ್ಯಾಬುಗಳನ್ನು ಪರೀಕ್ಷಿಸಿ ಒಪ್ಪುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬುಗಳಿವೆ. ದಿನಾ ಬಳಸುವವರಿಗೆ ವರ್ಷಕ್ಕೊಮ್ಮೆ ಅಥವಾ 5,000 ಕ್ಲಿಕ್ಕಿಗೊಮ್ಮೆ ಅನ್ನೋದು ನಿಯಮ. ನಿಮಗೆ ಪ್ರತಿ ವರ್ಷ ಲ್ಯಾಬು ಬೇಡ. ವರ್ಷಕ್ಕೊಮ್ಮೆ ಸೆಪ್ಟೆಂಬರ್ ಮೊದಲ ವಾರದ ನಮ್ಮ ಕೊಡಗಿನ ಆಯುಧ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ, ಕತ್ತಿ ಒರೆಸಿ ಪೂಜೆಗೆ ಇಡುತ್ತೇವಲ್ಲ, ಆ ವಾರ ಇದನ್ನೂ ಇಳಿಸಿ ಕ್ಯಾನ್ ಕಟ್ಟಿ ನೋಡಿ. ಆ ಹೊತ್ತಿಗೆ ಮಳೆಗಾಲದ ತೇವ ಏನು ಮಾಡಿದೆ ಅಂತಲೂ ತಿಳಿಯುತ್ತದೆ. ನಾನು ಹಾಗೇ ಮಾಡುತ್ತಾ ಬಂದಿದ್ದೇನೆ.

ಹಳೆ ರೆಂಚಿನ ದೊಡ್ಡ ಅಪಾಯ ತುಕ್ಕಲ್ಲ, ಅಳತೆಯ ಭಾಷೆ. ಇಂಗ್ಲೆಂಡಿನದು ಫುಟ್-ಪೌಂಡ್ ಹೇಳುತ್ತದೆ. ಹಳೆಯ ಜೀಪು, ಟ್ರ್ಯಾಕ್ಟರಿನ ಕೈಪಿಡಿ ಕೆಜಿ-ಮೀಟರ್ ಹೇಳಬಹುದು. ಹೊಸ ಗಾಡಿಯದು ನ್ಯೂಟನ್-ಮೀಟರ್. ಜಪಾನಿನ ಹಳೆಯವು ಕೆಜಿ-ಸೆಂಟಿಮೀಟರಿನಲ್ಲೂ ಇವೆ. ಒಂದು ಫುಟ್-ಪೌಂಡ್ ಅಂದರೆ 1.356 ನ್ಯೂಟನ್-ಮೀಟರ್, ಒಂದು ಕೆಜಿ-ಮೀಟರ್ ಅಂದರೆ 9.8 ನ್ಯೂಟನ್-ಮೀಟರ್. ಸಣ್ಣ ರೆಂಚುಗಳಲ್ಲಿ ಇಂಚು-ಪೌಂಡ್ ಅಂತಲೂ ಇರುತ್ತದೆ, 12 ಇಂಚು-ಪೌಂಡ್ ಸೇರಿದರೆ ಒಂದು ಫುಟ್-ಪೌಂಡ್. ಈ ಎರಡನ್ನು ಅದಲುಬದಲು ಮಾಡಿದರೆ ಹನ್ನೆರಡು ಪಟ್ಟು ತಪ್ಪು.

ನನಗೆ ಈ ಪಾಠ ಒಂದು ಅಲ್ಯೂಮಿನಿಯಂ ಕವರ್ ಕಲಿಸಿತು. ಕೈಪಿಡಿಯಲ್ಲಿ 20 ನ್ಯೂಟನ್-ಮೀಟರ್ ಅಂತ ಇತ್ತು. ರೆಂಚಿನಲ್ಲಿ ಎರಡು ಸಾಲು ಗೆರೆ. ನಾನು ಫುಟ್-ಪೌಂಡ್ ಸಾಲಿನ 20ಕ್ಕೆ ಇಟ್ಟೆ, ಅಂದರೆ 27 ನ್ಯೂಟನ್-ಮೀಟರ್. ಮೊದಲ ಮೂರು ಬೋಲ್ಟ್ ತಡೆದುಕೊಂಡವು. ನಾಲ್ಕನೆಯದು ಬಿಗಿಯಾಗುತ್ತಾ ಆಗುತ್ತಾ ಒಮ್ಮೆಗೇ ಹಗುರಾಯಿತು. ಬೆಣ್ಣೆಯಲ್ಲಿ ಚಮಚ ತಿರುಗಿದ ಹಾಗೆ. ಹೊರಗೆ ತೆಗೆದರೆ ಬೋಲ್ಟಿನ ಥ್ರೆಡ್ ತುಂಬಾ ಅಲ್ಯೂಮಿನಿಯಂ ಎಳೆ ಸುತ್ತಿಕೊಂಡಿತ್ತು. ಆ 'ಹಗುರಾಗುವ' ಅನುಭವ ಕೈಯಿಂದ ಇವತ್ತಿಗೂ ಹೋಗಿಲ್ಲ. ಆದ್ದರಿಂದ ನಿಮ್ಮ ರೆಂಚಿನ ಹಿಡಿಗೆ ಬಿಳಿ ಪೇಂಟಿನಲ್ಲಿ ದಪ್ಪವಾಗಿ 'ಫುಟ್-ಪೌಂಡ್' ಅಂತ ಬರೆದಿಡಿ. ನಿಮ್ಮ ಮಗ ಮುಟ್ಟಿದರೂ ಗೊತ್ತಾಗಲಿ.

ಬಳಸುವಾಗ ಒಂದು ಮಾತು ಬಹಳ ಮುಖ್ಯ. ನಮ್ಮ ಕಡೆ ಮಳೆಗೆ ಹೆದರಿ ಎಲ್ಲ ಬೋಲ್ಟಿಗೂ ಗ್ರೀಸ್ ಬಳಿಯುವ ಅಭ್ಯಾಸ ಇದೆ. ಕೈಪಿಡಿಯ ಸಂಖ್ಯೆ ಸಾಮಾನ್ಯವಾಗಿ ಒಣ, ಶುದ್ಧ ಥ್ರೆಡ್ಡಿನದು. ನೀವು ಹಾಕುವ ಬಲದಲ್ಲಿ ಹೆಚ್ಚುಕಮ್ಮಿ ಅರ್ಧ ಬೋಲ್ಟಿನ ತಲೆಯ ಕೆಳಗಿನ ತಿಕ್ಕಾಟಕ್ಕೆ ಹೋಗುತ್ತದೆ, 40 ಭಾಗ ಥ್ರೆಡ್ಡಿನ ತಿಕ್ಕಾಟಕ್ಕೆ ಹೋಗುತ್ತದೆ. ಬೋಲ್ಟನ್ನು ನಿಜವಾಗಿ ಎಳೆದು ಹಿಡಿಯುವುದು ನೂರಕ್ಕೆ ಹತ್ತು ಭಾಗ ಮಾತ್ರ. ಗ್ರೀಸ್ ಹಚ್ಚಿ ತಿಕ್ಕಾಟ ಕಮ್ಮಿ ಮಾಡಿದರೆ ಆ ಹತ್ತು ಭಾಗ ಹದಿನೈದು, ಇಪ್ಪತ್ತು ಆಗಿಬಿಡುತ್ತದೆ. ರೆಂಚು 'ಟಕ್' ಅಂದದ್ದು ಸರಿಯಾಗಿಯೇ, ಆದರೆ ಒಳಗೆ ಬೋಲ್ಟ್ ಹಿಗ್ಗಿ ಸೋತಿರುತ್ತದೆ. ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಇದರ ಉಲ್ಟಾ, 'ಟಕ್' ಅಂದರೂ ಬಿಗಿ ಬಂದಿರುವುದಿಲ್ಲ. ಚಕ್ರದ ಸ್ಟಡ್ಡುಗಳನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ಒಣಗಿಸಿಯೇ ಕಟ್ಟಿ. ಪಲ್ಪರಿನಂಥ ಕಡೆ ಗ್ರೀಸ್ ಬೇಕೇ ಬೇಕು ಅನ್ನಿಸಿದರೆ ನಾನು ಕಾಲು ಭಾಗ ಕಮ್ಮಿಗೆ ಇಡುತ್ತೇನೆ.

ಜೀಪಿನ ಕೈಪಿಡಿ ಹುಡುಕಿ, ಅದರ ಸಂಖ್ಯೆಯೇ ಸಂಖ್ಯೆ. ಕೈಪಿಡಿ ಇಲ್ಲದ ಸಾಮಾನ್ಯ ಕಬ್ಬಿಣದ ಜೋಡಣೆಗೆ ಬೋಲ್ಟಿನ ತಲೆಯ ಮೇಲಿನ ಅಂಕಿ ನೋಡಿ. 8.8 (ಬೋಲ್ಟಿನ ಗಟ್ಟಿತನದ ದರ್ಜೆ) ಅಂತಿದ್ದರೆ ಎಂ8 (ಥ್ರೆಡ್ಡಿನ ದಪ್ಪ 8 ಮಿಲಿಮೀಟರ್) ಬೋಲ್ಟಿಗೆ 25, ಎಂ10ಕ್ಕೆ 50, ಎಂ12ಕ್ಕೆ 85 ನ್ಯೂಟನ್-ಮೀಟರ್ ಸುಮಾರಿಗೆ ಸರಿ. ಅಲ್ಯೂಮಿನಿಯಂಗೆ ಇದನ್ನು ಹಾಕಬೇಡಿ.

ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಹಂತದಲ್ಲಿ ಬಿಗಿ ಮಾಡಿ. ಕೊನೆಯ ಎಳೆತ ನಿಧಾನ, ಒಂದೇ ಸಮ ಇರಲಿ, ಜಗ್ಗಬೇಡಿ. ಕೈ ಹಿಡಿಯ ನಡುವೆಯೇ ಇರಬೇಕು. ಒಮ್ಮೆ 'ಟಕ್' ಅಂದರೆ ಬಿಟ್ಟುಬಿಡಿ, ಇನ್ನೊಮ್ಮೆ ಎಳೆದು ಖಾತ್ರಿ ಮಾಡಿಕೊಳ್ಳುವುದು ಬೇಡ. ಜುಲೈ ಮಳೆ ಶೀಟಿನ ಮೇಲೆ ಹೊಡೆಯುತ್ತಿರುವಾಗ ಸದ್ದು ಕೇಳಿಸುವುದಿಲ್ಲ, ಅಂಗೈಗೆ ತಾಗುವ ಆ ಸಣ್ಣ ಏಟಿಗೆ ಗಮನ ಕೊಡಿ. ಮಾಂದಲಪಟ್ಟಿ ಕಡೆಯಂಥ ಕಲ್ಲು ದಾರಿಯಲ್ಲಿ ಓಡಿಸುವವರಾದರೆ ಚಕ್ರ ಬಿಚ್ಚಿ ಹಾಕಿದ ಮೇಲೆ 50–100 ಕಿಲೋಮೀಟರ್ ಓಡಿದಾಗ ಇನ್ನೊಮ್ಮೆ ಬಿಗಿ ನೋಡಿ. ಹಳೆಯ ವಿಲ್ಲೀಸ್ ಜೀಪಿನ ಎಡ ಚಕ್ರಗಳಲ್ಲಿ ಲೆಫ್ಟ್ ಥ್ರೆಡ್ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವುದು) ಇತ್ತು. ನಿಮ್ಮದೂ ಹಾಗಿದ್ದರೆ ಎಚ್ಚರ, ರ‍್ಯಾಚೆಟ್ ಉಲ್ಟಾ ತಿರುಗಿದರೂ ಬಹಳಷ್ಟು ಕ್ಲಿಕ್ ರೆಂಚುಗಳು ಒಂದೇ ದಿಕ್ಕಿಗೆ ಅಳೆಯುತ್ತವೆ. ಉಲ್ಟಾ ದಿಕ್ಕಿಗೆ 'ಟಕ್' ಬರುತ್ತದೆ ಅಂತ ಕಾದು ಎಳೆದರೆ ಸ್ಟಡ್ ತುಂಡಾಗುತ್ತದೆ.

ನಟ್ಟು ಬಿಚ್ಚಲು ಇದನ್ನು ಎಂದೂ ಬಳಸಬೇಡಿ. ಕೆಲಸ ಮುಗಿದ ಮೇಲೆ ಅತಿ ಕೆಳಗಿನ ಗೆರೆಗೆ, ಅಂದರೆ ನಿಮ್ಮದನ್ನು 30ಕ್ಕೆ ಇಳಿಸಿ ಇಡಿ. ಅದಕ್ಕಿಂತ ಕೆಳಗೆ ಬಿಚ್ಚಿದರೆ ಒಳಗಿನ ತುಂಡುಗಳು ಜಾಗ ತಪ್ಪುತ್ತವೆ. ಒರೆಸಿ, ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿದ ಡಬ್ಬದಲ್ಲಿಡಿ.

ಬ್ರಷ್ ಕಟರಿಗೆ ಮಾತ್ರ ಈ ರೆಂಚ್ ಆಗುವುದಿಲ್ಲ. ಅದರ ಎಂ5, ಎಂ6 ಬೋಲ್ಟುಗಳಿಗೆ ಬೇಕಾದ್ದು ಸುಮಾರು 5ರಿಂದ 10 ನ್ಯೂಟನ್-ಮೀಟರ್, ಅಂದರೆ 4ರಿಂದ 7 ಫುಟ್-ಪೌಂಡ್. ನಿಮ್ಮ ರೆಂಚು ಶುರುವಾಗುವುದೇ 30ರಿಂದ. ಅದಕ್ಕೆ ಕಾಲು ಇಂಚಿನ ಸಣ್ಣ ಮುಳ್ಳಿನ ರೆಂಚು ಸಿಗುತ್ತದಾ ನೋಡಿ. ಬೆಂಗಳೂರಿಗೆ ಹೋದಾಗ ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಬೆಳಿಗ್ಗೆ ಬೇಗ ಹುಡುಕಿದರೆ ಅದೃಷ್ಟ ಇರಬಹುದು. ಸಿಗುವ ತನಕ ಸಣ್ಣ ಪಾನಾವನ್ನು ತುದಿಯಲ್ಲಿ ಹಿಡಿಯದೆ, ತಲೆಯ ಹತ್ತಿರ ಎರಡು ಬೆರಳಲ್ಲಿ ಹಿಡಿದು ಬಿಗಿ ಮಾಡಿ.

1,200 ಜಾಸ್ತಿಯೇನಲ್ಲ, ಹೆಸರು ಒಳ್ಳೆಯದಾಗಿದ್ದರೆ. ಹೆಸರೇ ಇಲ್ಲದ ರೆಂಚಾದರೆ ಐನೂರರ ಮೇಲೆ ಹೋಗಬೇಡಿ. ಕುಶಾಲನಗರಕ್ಕೆ ಹೋಗುವಾಗ ಟೇಪು ಜೇಬಲ್ಲಿರಲಿ. ಚೌಕದಿಂದ ಹಿಡಿಯ ಉದ್ದ ಅಲ್ಲೇ ಅಳೆದುಕೊಂಡು ಬಂದರೆ, ಕ್ಯಾನಿನ ಲೆಕ್ಕವನ್ನು ಬಸ್ಸಿನಲ್ಲೇ ಕೂತು ಹಾಕಬಹುದು.